ಕಾರ್ಡಿನ ಮ್ಯಾಲಿನ ಊರು

ಮುಂಜಾನಿ ಬೀದರಿನ ಒಂದು ಕಾಲೇಜಿನವರು ಫೋನ್ ಮಾಡಿದ್ದರು. ಸ್ವಂತ ಕಂಪನಿ ಕಟ್ಟೋರಿಗೆ ದೊಡ್ಡ ಶಹರ ಬೇಕೋ ಬ್ಯಾಡೋ ಅಂತ ನಾನು ಭಾಷಣ ಮಾಡಬೇಕಂತ. ಮುಳುಗಿದ ಕಂಪನಿಯವನನ್ನ ಯಾಕ ಕರೀತಾರೋ, ಅವರಿಗೇ ಗೊತ್ತು. "ಆಮಂತ್ರಣದಾಗ ನಿಮ್ಮ ಹೆಸರಿನ ಕೆಳಗ ಯಾವ ಊರು ಹಾಕಬೇಕ್ರಿ ಸರ್?" ಅಂದರು. ಆಮ್ಯಾಲ ಹೇಳ್ತೀನಿ ಅಂದೆ. ಹಳೇ ಕಾಗದ ಹುಡುಕಲಿಕ್ಕೆ ಹೋದರ ಕಪಾಟಿನಿಂದ ನಮ್ಮ ವಿಸಿಟಿಂಗ್ ಕಾರ್ಡು ಬಿತ್ತು. ವಿಳಾಸ: ಹೈದರಾಬಾದು, ಆರನೇ ಅಂತಸ್ತು.

ಆ ವಿಳಾಸ ನನ್ನ ಪಾಲುದಾರ, ಭಾಲ್ಕಿಯ ಗೆಳೆಯ ಶರಣೂನ ಹಟ. "ಸಣ್ಣ ಊರು, ಔರಾದ ಅಂತ ಬರದ್ರ ಯಾರ ನಂಬ್ತಾರಲೇ?" ಅಂದು ಅಲ್ಲಿ ಗಾಜಿನ ಕಟ್ಟಡದಾಗ ಒಂದು ಮೇಜು ಬಾಡಿಗಿ ಹಿಡಿದ. ಮಳಿ ಕೈಕೊಟ್ಟ ವರ್ಷಗಳು ನೋಡ್ರಿ ಅವು. ಜನ ಮನಿಗೆ ಕೀಲಿ ಹಾಕಿ ಹೈದರಾಬಾದಿಗೆ ಕೂಲಿಗೆ ಹೋಗ್ತಿದ್ದರು. ನಮ್ಮ ಕಂಪನಿಯ ನಂಬರಿಗೆ ಫೋನ್ ಹಚ್ಚಿದರ ಅವರವರ ಊರಿಗೆ ನೀರಿನ ಟ್ಯಾಂಕರ್ ಬಂತೋ ಇಲ್ಲೋ ಅನ್ನೋದು ಕೇಳಿಸ್ತಿತ್ತು. ಔರಾದ ಬಸ್ ಸ್ಟ್ಯಾಂಡಿನ ಎದುರಿನ ಖೋಲಿಯಾಗ ನಾನೊಬ್ಬನೇ ಕೂತು, ಕಂಡಕ್ಟರುಗಳನ್ನ ಕೇಳಿ ಕೇಳಿ, ದಿನಾ ಆ ಸುದ್ದಿ ನನ್ನ ದನಿಯಾಗ ರೆಕಾರ್ಡ್ ಮಾಡಿ ಇಡ್ತಿದ್ದೆ. ನನ್ನ ದನಿ ಕೇಳೋರು ಊರೂರಿನವರು ಇದ್ದರು. ಜೋಡಿ ಕೂತು ಚಹಾ ಕುಡಿಯಲಿಕ್ಕೆ ಮಾತ್ರ ಒಬ್ಬರೂ ಇರಲಿಲ್ಲ. ಖರೇ ಹೇಳ್ತೀನಿ, ಒಮ್ಮೊಮ್ಮೆ ನಮ್ಮ ನಂಬರಿಗೆ ನಾನೇ ಫೋನ್ ಹಚ್ಚಿ ಕೇಳ್ತಿದ್ದೆ.

ಅದಕ್ಕೇ, ಬಂಡವಾಳ ಹಾಕೋ ಸಾಹೇಬರು ಬರ್ತಾರ ಅಂತ ಶರಣು ಕರೆದ ಕೂಡಲೇ ಹೈದರಾಬಾದಿಗೆ ಓಡಿದೆ. ಮೂರನೇ ದಿನ ಕೆಳಗ ಗೇಟಿನಾಗ ಗದ್ದಲ ಆಯ್ತು, ಇಳಿದು ಬಂದೆ. ಸಂತಪುರದ ಲಕ್ಷ್ಮೀಬಾಯಿ ನಿಂತಿದ್ದಳು, ಕೈಯಾಗ ಈ ಕಾರ್ಡು. ಔರಾದದಾಗ ಆಕಿ ಬಸ್ ಹತ್ತುವಾಗ ನಾನೇ ಕೊಟ್ಟದ್ದು. ಜೋಡಿ ಕೂಲಿಗೆ ಬಂದಿದ್ದ ಮಗಳಿಗೆ ದಿನ ತುಂಬಿದ್ದವು. ಊರಾಗ ನೀರಿದ್ದರ ಕರ್ಕೊಂಡು ಹೋಗಬೇಕು ಅಂತಿದ್ದಳು.

"ಮೂರ ದಿನಾ ಆಯ್ತು, ಫೋನಿನಾಗ ಅದೇ ಹಳೀ ಮಾತು ಬರ್ತದರಿ. ನಮ್ಮೂರಿಗಿ ನೀರ ಬಂದಾವೇನ್ರಿ ಅಣ್ಣಾ?"

ನನಗ ಗೊತ್ತಿರಲಿಲ್ಲ. ಕಂಡಕ್ಟರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ.

"ನೀವೂ ಇಲ್ಲೇ ಬಂದ್ರ ಅಲ್ಲಿ ಯಾರ ನೋಡ್ತಾರ್ರಿ?" ಅಂದಳು. ಬೈದದ್ದಲ್ಲ, ಖರೇನೇ ಕೇಳಿದಳು.

ಆಕಿ ಹೋದಳು. ಮ್ಯಾಲ ಸಾಹೇಬರು ಕಾಯ್ತಿದ್ದರು. ನಾನು, ನಾಚಿಕಿಗೇಡಿ, ಲಿಫ್ಟ್ ಹತ್ತಿದೆ. ಸಂತಪುರಕ್ಕ ನೀರು ಬಂದು ಎರಡು ದಿನ ಆಗಿತ್ತಂತ ಸಂಜಿಗೆ ತಿಳೀತು; ಆಕಿಗೆ ಹೇಳಬೇಕಂದ್ರ ನಂಬರೂ ಕೇಳಿಟ್ಟಿರಲಿಲ್ಲ. ಮರುದಿನ ಶರಣೂನ್ನ ಅಲ್ಲೇ ಬಿಟ್ಟು ಔರಾದಕ್ಕ ಬಂದೆ. ವಾರದ ಮ್ಯಾಲ ಲಕ್ಷ್ಮೀಬಾಯಿ ಫೋನ್ ಮಾಡಿದಳು: ಮಗಳ ಹೆರಿಗಿ ಅವತ್ತ ರಾತ್ರೀನೇ ಕೆಲಸದ ಜಾಗಾದ ತಗಡಿನ ಶೆಡ್ಡಿನಾಗೇ ಆಯ್ತಂತ. ತಾಯಿ, ಕೂಸು ಉಳಿದರು, ಪುಣ್ಯ. ಆದರ ಅದನ್ನ ಹೇಳೋಕಿಂತ ಮೊದಲು ಆಕಿ ಕೇಳಿದ್ದು, "ಈಗ ಎಲ್ಲಿ ಅದೀರಿ ಅಣ್ಣಾ?"

ಮುಂದ ಮಳಿ ಬಂತು, ಜನ ತಿರುಗಿ ಬಂದರು, ಫೋನ್ ಬರೋದು ನಿಂತಿತು, ಕಂಪನಿ ಮುಚ್ಚಿತು. ಅಳಬೇಕೋ ನಗಬೇಕೋ ತಿಳೀಲಿಲ್ಲ.

ಈಗ ಕಾಲೇಜಿಗೆ ತಿರುಗಿ ಫೋನ್ ಹಚ್ಚಿದೆ.

"ಔರಾದ ಅಂತ ಬರೀರಿ."

"ಅಲ್ಲಿ ನಿಮ್ಮ ಆಫೀಸ್ ಅದ ಏನ್ರಿ ಸರ್?"

"ಇಲ್ರಿ. ನಾ ಅದೀನಿ."