ಕದೀಮನ ಪಾಲು

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲು ಮಾರುವ ಗಾಡಿಯೊಂದು ನಿಲ್ಲುತ್ತದೆ. ಯಂತ್ರಕ್ಕೆ ಸಿಕ್ಕಿ ಜಲ್ಲೆ ಚಟಚಟ ಸೀಳುವಾಗ ಹಸಿಹಸಿ ಸಿಹಿ ವಾಸನೆಯೊಂದು ಏಳುತ್ತದಲ್ಲ, ಅದು ಬಂದರೆ ನಿಮಗೆ ಬಾಯಾರಿಕೆಯಾಗುತ್ತದೆ. ನನಗೆ ಮೊಣಕಾಲು ನಡುಗುತ್ತದೆ. ಮೊನ್ನೆ ಯಳಂದೂರಿನ ಬಸ್ಸಿಗೆ ಕಾಯುತ್ತಾ ಗಾಡಿಯಿಂದ ದೂರವೇ ನಿಂತಿದ್ದೆ. ಗಾಳಿ ದಿಕ್ಕು ಬದಲಿಸಿತು. "ಶುಂಟಿ ಆಕಿ ಕೊಡ್ತೀನಿ, ಒಂದ್ ಲೋಟ ಕುಡೀರಿ ಮೇಡಂ" ಎಂದು ಗಾಡಿಯವನು ಕರೆದ. ನಾನು ಹಿಂದೆ ಹಿಂದೆ ಸರಿದು ಬಾಳೆಹಣ್ಣು ಮಾರುವ ಹೆಂಗಸಿನ ಬುಟ್ಟಿಗೆ ಕಾಲು ತಗುಲಿಸಿ ಬೈಸಿಕೊಂಡೆ. ಮುಖ ಮರೆಸಿಕೊಳ್ಳಲು ಪಕ್ಕದ ಅಂಗಡಿಯಲ್ಲಿ ತೂಗುಹಾಕಿದ್ದ ಪತ್ರಿಕೆಯ ಕಡೆ ತಿರುಗಿದರೆ ಅಲ್ಲಿ ದಪ್ಪಕ್ಷರದಲ್ಲಿ 'ಖದೀಮರ ಸೆರೆ' ಎಂದಿತ್ತು. ಎಲ್ಲಿಗೆ ತಪ್ಪಿಸಿಕೊಂಡು ಹೋಗುವುದು ಹೇಳಿ! ಆ ವಾಸನೆ, ಈ ಪದ, ಎರಡೂ ನನ್ನ ಮಟ್ಟಿಗೆ ಒಂದೇ ಮನೆಯವು. ಆ ಮನೆ ಹೊನ್ನೂರಿನಲ್ಲಿದೆ. ನಾನು ಹೊರಟಿದ್ದೂ ಅಲ್ಲಿಗೇ.

ಹೊನ್ನೂರಿನಲ್ಲಿರುವುದು ನನ್ನ ಸೋದರಮಾವ, ಮಾದಪ್ಪ ಮಾವ. ಪತ್ರಿಕೆಯ 'ಖ' ಅವರ ನಾಲಿಗೆಗೆ ಒಗ್ಗಿದ್ದಲ್ಲ. ಅವರ ಬಾಯಲ್ಲಿ ಅದು ಕದೀಮ. ಕಣ್ಣಿ ಬಿಚ್ಚಿಕೊಂಡು ತಾಯ ಹಾಲೆಲ್ಲ ಕುಡಿದ ಕರು ಕದೀಮ. ಪಕ್ಕದ ಮನೆಯ ಹುಲ್ಲಿನ ಮೆದೆಯಲ್ಲಿ ಮೊಟ್ಟೆಯಿಟ್ಟು ಬರುವ ಕೋಳಿ ಕದೀಮಿ. ಬಿಸಿ ಆರುವ ಮುಂಚೆಯೇ ಅಚ್ಚಿನಿಂದ ಬೆಲ್ಲ ಕಿತ್ತು ಕೈ ಸುಟ್ಟುಕೊಳ್ಳುತ್ತಿದ್ದ ನಾನು ಮಹಾ ಕದೀಮಿ. ಆದರೆ ನಿಜವಾದ ಕಳ್ಳರಿಗೆ ಮಾವ ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಪಂಪ್‌ಸೆಟ್ಟಿನ ಕೇಬಲ್ಲನ್ನೇ ಯಾರೋ ಕತ್ತರಿಸಿಕೊಂಡು ಹೋದರು. ಊರೆಲ್ಲ ಶಾಪ ಹಾಕುತ್ತಿದ್ದರೆ ಮಾವ, "ಯಾರೋ ಕಷ್ಟದೋರು ಇರ್ಬೇಕು ಕಣವ್ವ" ಎಂದು ಸುಮ್ಮನಾದರು. ಕದೀಮ ಎನ್ನಿಸಿಕೊಳ್ಳಬೇಕಾದರೆ ಅವರಿಗೆ ಪ್ರೀತಿಪಾತ್ರರಾಗಿರಬೇಕಿತ್ತು.

ಕಾಲೇಜಿಗೆ ಸೇರಿದ ಹೊಸದರಲ್ಲಿ ಯಾವ ಪದ ಕಂಡರೂ ಅದರ ಕುಲಗೋತ್ರ ಕೆದಕುವ ಚಟ ನನಗೆ ಹತ್ತಿತ್ತು. ಗ್ರಂಥಾಲಯದ ದಪ್ಪ ನಿಘಂಟಿನಲ್ಲಿ ಕದೀಮನನ್ನು ಹುಡುಕಿದೆ. ಆಸಾಮಿ ಅರಬ್ಬಿಯಿಂದ ಹೊರಟು, ಪಾರಸಿ, ಉರ್ದುಗಳಲ್ಲಿ ತಂಗಿ, ನಮ್ಮ ಕಡೆಯ ಕಚೇರಿಗಳಿಗೆ ಬಂದವನು. ಅರ್ಥವೇನು ಗೊತ್ತೆ? ಹಳೆಯದು, ಬಹುಕಾಲದಿಂದ ಇರುವಂಥದ್ದು, ಅಷ್ಟೆ. ಹಿಂದಿನಿಂದ ನಡೆದುಬಂದ ಇನಾಮು, ಹಕ್ಕುಗಳಿಗೆ ಕಚೇರಿಯವರು ಗೌರವದಿಂದ ಬರೆಯುತ್ತಿದ್ದ ಮಾತು ಅದು. ಅಂಥ ಮರ್ಯಾದಸ್ಥ ಪದ ಈ ಗತಿಗೆ ಹೇಗೆ ಬಂತು? ನನ್ನ ಊಹೆ ಇಷ್ಟು: ಪಳಗಿದ ಕಳ್ಳನನ್ನು ಜನ 'ಖದೀಮ ಕಳ್ಳ' ಎಂದು ಕರೆದರು. ದಿನ ಕಳೆದಂತೆ ಕಳ್ಳ ಮೆಲ್ಲಗೆ ಜಾರಿಕೊಂಡ; ಜೊತೆಯಲ್ಲಿದ್ದ ಹಳಬ ಸಿಕ್ಕಿಬಿದ್ದ.

ರಜೆಗೆ ಹೋದಾಗ ಇದನ್ನು ಮಾವನಿಗೆ ದೊಡ್ಡ ಪಂಡಿತಳಂತೆ ವಿವರಿಸಿದೆ.

"ಅಂಗಾರೆ ನಾನೂವೆ ಕದೀಮನೇಯಾ? ವಯಸ್ಸಾಯ್ತಲ್ಲ" ಎಂದು ಮಾವ ಮೀಸೆಯಡಿ ನಕ್ಕರು.

ಒಳಗಿನಿಂದ ಅತ್ತೆಯ ಧ್ವನಿ ಬಂತು: "ಅದ್ಕೆ ಅಷ್ಟ್ ದಪ್ಪ ಬುಕ್ಕು ಓದ್ಬೇಕಿತ್ತಾ ಕೂಸು? ನನ್ನ ಕೇಳಿದ್ರೆ ಮದ್ವೆ ದಿಸ್ವೇ ಏಳ್ತಿದ್ದೆ."

ಇನ್ನು ಕದೀಮರಲ್ಲೆಲ್ಲ ದೊಡ್ಡ ಕದೀಮನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಪದದ ಸುತ್ತ ಸುತ್ತಿದ್ದು ಅವನಿಂದ ತಪ್ಪಿಸಿಕೊಳ್ಳಲೆಂದೇ ಎಂದು ನೀವು ಊಹಿಸಿರಬಹುದು.

ಮಾವನ ಮಗಳನ್ನು ಕೊಟ್ಟಿರುವುದು ಒಡೆಯರಪಾಳ್ಯದಿಂದ ಆಚೆಗೆ, ಕಾಡಂಚಿನ ಒಂದು ತೋಟದ ಮನೆಗೆ. ಕಬ್ಬು ಕಡಿದಾಗೆಲ್ಲ ಮಾವ ಬಿತ್ತನೆಗೆಂದು, ತಿನ್ನಲೆಂದು ಒಂದು ಗೂಡ್ಸ್ ಆಟೋ ತುಂಬ ಕಬ್ಬು ಒಯ್ಯುತ್ತಿದ್ದರು. ಕಾಡಿನ ದಾರಿಯ ತಿರುವಿನಲ್ಲಿ, ಕಿವಿಯಂಚು ಹರಿದ ಒಂಟಿ ಸಲಗವೊಂದು ಒಮ್ಮೆ ಆಟೋಗೆ ಅಡ್ಡ ನಿಂತಿತು. ಒಂದು ಕಟ್ಟು ಕಬ್ಬು ಎಸೆದರು, ದಾರಿ ಬಿಟ್ಟಿತು. ಮುಂದಿನ ಸಲವೂ ಹಾಗೇ ಆಯಿತು. ಆಮೇಲೆ ಅದೇ ಪದ್ಧತಿಯಾಯಿತು. ಹೊನ್ನೂರಿನ ಗದ್ದೆಯಲ್ಲಿ ಕಬ್ಬು ತುಂಬುವಾಗಲೇ ಒಂದು ಕಟ್ಟನ್ನು ಸೋಗೆಯಿಂದ ಬೇರೆ ಬಿಗಿದು, ಎಳೆದರೆ ಕೈಗೆ ಬರುವಂತೆ ಹಗ್ಗಕ್ಕೆ ಸಿಕ್ಕಿಸುತ್ತಿದ್ದರು. ಅದು ಕದೀಮನ ಪಾಲು. ಎಷ್ಟೇ ಆಸೆಯಾದರೂ ಅದರಿಂದ ಯಾರೂ ಒಂದು ಜಲ್ಲೆ ಎಳೆಯುತ್ತಿರಲಿಲ್ಲ. ಕಾಡುಪ್ರಾಣಿಗಳಿಗೆ ಆಹಾರ ಕೊಡಬಾರದೆಂಬ ಬೋರ್ಡು ಅದೇ ತಿರುವಿನಲ್ಲಿತ್ತು. ನಮ್ಮ ಆಟೋ ನಿಲ್ಲುತ್ತಿದ್ದದ್ದು ಅದರ ನೆರಳಿನಲ್ಲೇ.

ಕಳೆದ ಕಟಾವಿನಲ್ಲಿ ನಾನೂ ಜೊತೆಗೆ ಹೋದೆ. ಬೆಳಿಗ್ಗೆ ತಿರುವಿನಲ್ಲಿ ಕದೀಮನ ಸುಳಿವಿರಲಿಲ್ಲ. ಸ್ವಲ್ಪ ಹೊತ್ತು ಕಾದೆವು. "ಅವ್ನೇ ಬರ್ನಿಲ್ಲ, ನಾವೇನ್ ಮಾಡಾಕಾಯ್ತದೆ" ಎಂದರು ಮಾವ. ಮಗಳ ಮನೆಯಲ್ಲಿ ಎಲ್ಲದರ ಜೊತೆ ಆ ಕಟ್ಟನ್ನೂ ಇಳಿಸಿದೆವು; ಎಮ್ಮೆಗಳು ಮೆದ್ದವು. ಊಟ ಮಾಡಿ ಮಧ್ಯಾಹ್ನ ಖಾಲಿ ಆಟೋದಲ್ಲಿ ಹೊರಟೆವು. ಮುಂದೆ ಚಾಲಕ ಸಿದ್ದರಾಜು, ನಡುವೆ ನಾನು, ಬಾಗಿಲ ಪಕ್ಕ ಮಾವ. ತಿರುವಿಗೆ ಬಂದರೆ ರಸ್ತೆಯ ನಡುವೆ ಅವನು ನಿಂತಿದ್ದ.

ಆತುರವೇನೂ ಇರಲಿಲ್ಲ ಅವನಿಗೆ. ಹಿಂದಕ್ಕೆ ಹೋಗಿ ಸೊಂಡಿಲಿನಿಂದ ಆಟೋದ ಖಾಲಿ ತೊಟ್ಟಿಯನ್ನೆಲ್ಲ ತಡಕಿದ. ಉದುರಿದ್ದ ಸೋಗೆಯನ್ನು ಮೂಸಿ ಬಿಟ್ಟ. ಮತ್ತೆ ಮುಂದೆ ಬಂದು ನಿಂತ.

"ರಿವರ್ಸ್ ತಕತೀನಿ, ಉಸ್ರುಬುಡದಂಗೆ ಕೂತ್ಕಳಿ" ಎಂದ ಸಿದ್ದರಾಜು.

ಅಷ್ಟರಲ್ಲಿ ಮಾವ ಬಾಗಿಲು ತೆಗೆದಿದ್ದರು.

"ಇಳೀಬ್ಯಾಡಿ ಯಜಮಾನ್ರೇ!"

"ಸುಮ್ಕಿರ್ಲಾ. ಅವುನ್ ಪಾಲ ಎಮ್ಮೆಗ್ ಆಕ್ಬುಟ್ಟು ಬಂದಿವ್ನಿ. ಒಂದ್ ಮಾತ್ ಏಳ್ಬ್ಯಾಡ್ವಾ?"

ಇಳಿದು, ನೆಂಟರ ಮನೆಗೆ ಬರಿಗೈಯಲ್ಲಿ ಹೋದವರ ಹಾಗೆ ಸಂಕೋಚದಿಂದ ಎರಡೂ ಅಂಗೈ ಚಾಚಿದರು. "ನೋಡ್ಲಾ ಕದೀಮ, ಏನೂ ಇಲ್ಲ ಕಣ್ಲಾ. ಬರೋ ಸಲ ಎರಡ್ ಕಟ್ ತತ್ತೀನಿ, ಓಗಪ್ಪ."

ಸೊಂಡಿಲು ಬಂದು ಅಂಗೈ ಮೂಸಿತು. ಬೆಳಿಗ್ಗೆಯಿಂದ ಕಬ್ಬು ಹೊತ್ತು ಇಳಿಸಿದ ಕೈಗಳು ಅವು. ಹೆಗಲ ಮೇಲಿನ ಟವಲ್ಲನ್ನೂ ಮೂಸಿತು. ಆಮೇಲೆ ತಲೆ ಒಂದೇ ಸಲ ಅಲುಗಿತು. ಮಾವ ರಸ್ತೆ ಪಕ್ಕದ ಲಂಟಾನಾ ಪೊದೆಯ ಬುಡದಲ್ಲಿ ಬಿದ್ದಿದ್ದರು. ಆನೆ ಅವರ ಮೇಲೆ ನಿಂತು ಮುಂಗಾಲು ಎತ್ತಿತು. ಅದರ ಉಗುರುಗಳಿಗೆ ಕೆಮ್ಮಣ್ಣು ಮೆತ್ತಿತ್ತು. ಎಂ.ಎ. ಓದಿದ ನಾನು ಆಗ ಏನು ಮಾಡಿದೆ ಎಂದು ಕೇಳುತ್ತೀರಾ? ಆನೆಗೆ ಮೆಲುದನಿಯಲ್ಲಿ "ಸಾರಿ, ಸಾರಿ" ಎನ್ನುತ್ತಿದ್ದೆ.

ಕಾಲು ಮಾವನ ಎದೆಯ ಪಕ್ಕಕ್ಕೆ ಇಳಿಯಿತು, ಟವಲ್ಲಿನ ಮೇಲೆ. ಆನೆ ಟವಲ್ಲನ್ನು ಎಳೆದು ಬಾಯಿಗೆ ಹಾಕಿಕೊಂಡು, ಅಗಿದು, ಉಗಿದು, ಕಾಡಿಗೆ ಇಳಿದುಹೋಯಿತು.

ಸೊಂಟದ ಮೂಳೆ, ಹೆಗಲ ಮೂಳೆ ಮುರಿದಿದ್ದವು. ಆಸ್ಪತ್ರೆ, ಆಪರೇಷನ್ ಎಲ್ಲ ಆಗಿ ಮಾವ ಕೋಲು ಹಿಡಿದು ನಡೆಯುವಂತಾದರು. ನನಗೆ ಮಾತ್ರ ಆನೆಯ ಆ ಕಾಲು ಇನ್ನೂ ಇಳಿಯುತ್ತಲೇ ಇದೆ. ಹಲ್ಲುಜ್ಜುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಇಳಿಯುತ್ತದೆ. ಕೆಲವು ಸಲ ಟವಲ್ಲಿನ ಮೇಲೆ ಇಳಿಯುವುದಿಲ್ಲ.

ಮನೆಯಲ್ಲಿ ಇನ್ನೊಂದು ನಷ್ಟವಾಗಿದ್ದನ್ನು ಮೊದಲು ಗಮನಿಸಿದವರು ಅತ್ತೆ. ಮಾವ ಯಾರನ್ನೂ ಕದೀಮ ಎನ್ನುತ್ತಿರಲಿಲ್ಲ. ಕರು ಬಿಚ್ಚಿಕೊಂಡರೆ "ಕರ ಬಿಚ್ಕತ್ತು" ಎನ್ನುವರು, ಅಷ್ಟೆ. ನನ್ನನ್ನು ಹೆಸರು ಹಿಡಿದು ಕರೆಯತೊಡಗಿದ್ದರು. "ಬಯ್ಯಾದ್ನೇ ಬುಟ್ಬುಟ್ರು ಕಣವ್ವ" ಎಂದು ಅತ್ತೆ ಫೋನಿನಲ್ಲಿ ಅತ್ತರು. "ಮೂಳೆ ಕೂಡ್ಕತು. ಮನ್ಸ ಮಾತ್ರ ಇನ್ನೂ ಬಂದಿಲ್ಲ."

ಮೊನ್ನೆ ನಾನು ಹೋದಾಗ ಹೊನ್ನೂರಿನ ಮನೆ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಮಗಳ ಮನೆಗೆ ಮತ್ತೆ ಕಬ್ಬು ಹೊರಡಲಿತ್ತು. ವಾಸನೆಗೆ ಹೆದರಿ ನಾನು ಗೇಟಿನ ಬಳಿಯೇ ನಿಂತೆ. ಮಾವ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ತುಂಬುತ್ತಿದ್ದ ಆಳು ಮಾತಾಡುತ್ತಾ ಮಾತಾಡುತ್ತಾ ಒಂದು ಕಟ್ಟನ್ನು ಬೇರೆ ಬಿಗಿದು ಹಗ್ಗಕ್ಕೆ ಸಿಕ್ಕಿಸಿಬಿಟ್ಟ. ಸಿಕ್ಕಿಸಿದ ಮೇಲೆ ಅವನಿಗೇ ಅರಿವಾಗಿ ಕೈ ಅಲ್ಲೇ ನಿಂತಿತು. ಸಿದ್ದರಾಜು ನೆಲ ನೋಡಿದ.

ಮಾವ ಎದ್ದು ಕೋಲೂರಿಕೊಂಡು ನಿಧಾನವಾಗಿ ಬಂದರು.

"ರೂಢಿ ಯಜಮಾನ್ರೇ, ಕೈ ತಾನೇ ಮಾಡ್ಬುಡ್ತು" ಎಂದ ಆಳು.

"ಗೊತ್ತು ಬುಡ್ಲಾ." ಮಾವ ಸೋಗೆಯ ಗಂಟನ್ನು ಸವರಿದರು. "ಕದೀಮ ಅಂತ ಎಸ್ರಿಟ್ಟೋರು ನಾವು, ಪಾಲು ಅಂದೋರೂ ನಾವು. ಅವುನ್ಗೆ ಗೊತ್ತಿದ್ದುದು ಕಬ್ಬಿನ ವಾಸ್ನೆ ಒಂದೇಯಾ. ಅವುನ್ನ ದಾರಿಗ್ ತಂದು ನಿಲ್ಸ್ದೋರು ನಾವೇ. ಇನ್ ಬ್ಯಾಡ. ಬಿಚ್ಚು. ಟಾರ್ಪಾಲ್ ಆಕಿ ಮುಚ್ರಿ, ನಾಳೆ ಬೆಳುಗ್ಗೆ ಬಿಸ್ಲೇರುದ್ ಮ್ಯಾಲೆ ಓಗಿ. ಎಲ್ಲೂ ನಿಲ್ಸ್‌ಬ್ಯಾಡಿ."

ಕಟ್ಟು ಬಿಚ್ಚಿಕೊಂಡಿತು. ಜಲ್ಲೆಗಳು ಜಾರಿ ನೆಲಕ್ಕೆ ಬಿದ್ದವು. ಮಾವ ಒಂದನ್ನು ಆಳಿನ ಕೈಯಲ್ಲಿ ತುಂಡು ಮಾಡಿಸಿ ಗೇಟಿನ ಕಡೆ ತಿರುಗಿದರು. ನಾನು ನಿಂತಲ್ಲಿಂದ ಕದಲಲಿಲ್ಲ. ಅವರು ನನ್ನ ಮುಖವನ್ನು, ಆಮೇಲೆ ನನ್ನ ಮೊಣಕಾಲನ್ನು ನೋಡಿದರು. ಅವರ ಕೋಲೂ ಸಣ್ಣಗೆ ನಡುಗುತ್ತಿತ್ತು.

"ಅಲ್ಲೇನ್ ನಿಂತ್ಕಂಡಿದ್ದೀಯಾ, ಬಾ ಕದೀಮಿ" ಎಂದರು. "ತಕೋ. ಅವುನ್ ಪಾಲು ಇನ್ ನಿಂದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ನಾನು ಹೋಗಿ ಜಲ್ಲೆ ತೆಗೆದುಕೊಂಡೆ. ಹಲ್ಲಿನಿಂದ ಸಿಪ್ಪೆ ಎಳೆದಾಗ ಅದೇ ವಾಸನೆ ಎದ್ದಿತು, ಮೊಣಕಾಲು ನಡುಗಿತು. ನಡುಗುತ್ತಲೇ ಕೊನೆಯ ಗಿಣ್ಣಿನ ತನಕ ತಿಂದೆ.