ಮಾಳಿಂಗ ಕಾಲಿಡದ ಅಂಗಳ

ಮಾಳಿಂಗನ ಕಾಲಿಗೆ ಕಣ್ಣಿವೆ ಎಂದು ಬನ್ನಿಹಾಳದ ಹಳಬರು ಹೇಳುತ್ತಿದ್ದರು. ಊರಿಗೆ ಬಾಡಿಗೆಗೆ ಬಂದ ಹೊಸಬರದು ಬೇರೆ ಮಾತು. "ಮುದುಕ ಮುಂಜಾನಿಂದೇ ಏರಿಸ್ಕೊಂಡ್ ಬಿಡ್ತಾನ ನೋಡ್ರಿ" ಎಂದು ಅವರು ನಗುತ್ತಿದ್ದರು. ಇಬ್ಬರೂ ನೋಡಿದ್ದು ಒಂದೇ ನಡಿಗೆಯನ್ನು.

ಅವನ ಮನೆಯಿಂದ ಹಣಮಂತದೇವರ ಗುಡಿಯ ತನಕ ಓಣಿ ಹಗ್ಗ ಎಳೆದಂತೆ ನೆಟ್ಟಗಿದೆ. ಅದರ ಮೇಲೆ ಸಿಮೆಂಟು ಬಿದ್ದು ಆರೇಳು ವರ್ಷವಾಯಿತು. ಆ ರಸ್ತೆಯಲ್ಲಿ ಮಾಳಿಂಗ ಒಂದು ದಿನವೂ ನೆಟ್ಟಗೆ ಹೋದವನಲ್ಲ. ಹತ್ತು ಹೆಜ್ಜೆ ಹಾಕಿ ಎಡಕ್ಕೆ ಸರಿಯುವನು, ಕಿರಾಣಿ ಅಂಗಡಿಯ ಮುಂದೆ ಅರ್ಧ ಸುತ್ತು ಹೊಡೆಯುವನು, ಹಿಟ್ಟಿನ ಗಿರಣಿಯ ಹತ್ತಿರ ಗೋಡೆಗೆ ಭುಜ ತಾಗಿಸಿಕೊಂಡು ದಾಟುವನು. ಬೈಕಿನವರು ಹಾರ್ನ್ ಹೊಡೆದು ಬೈದರೂ ಅವನ ದಾರಿ ಬದಲಾಗುತ್ತಿರಲಿಲ್ಲ.

ಕುಡಿತದ ವಾಸನೆಯೂ ತಿಳಿಯದ ಮನುಷ್ಯ. ಅವನು ಸುತ್ತಿ ಹೋಗುತ್ತಿದ್ದುದು ಹಗೇವುಗಳನ್ನು.

ಹಗೇವು ಎಂದರೆ ಜೋಳ ಕೂಡಿಡುವ ನೆಲದ ಕುಣಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು ಅಗಲ, ಆಳ ಎರಡಾಳು. ಸುತ್ತಲೂ ಹೊಟ್ಟು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಅದರ ಮೇಲೆಯೇ ಜನ ಎತ್ತು ಕಟ್ಟುತ್ತಿದ್ದರು, ಹಂದರ ಹಾಕಿ ಮದುವೆ ಮಾಡುತ್ತಿದ್ದರು. ಕಾಳು ತುಂಬಿದ ಹಗೇವು ಬಂಡೆಯಂತೆ. ಬರಿದಾದ ಹಗೇವಿನ ಮಾತು ಬೇರೆ.

ಹಗೇವು ತೆರೆಯುವುದು, ಇಳಿಯುವುದು ಮಾಳಿಂಗನ ಮನೆತನದ ಕೆಲಸ. ಅವನ ಅಪ್ಪನನ್ನು ಇಜೇರಿಯಿಂದ, ಜೇವರ್ಗಿಯ ಆಚೆಯಿಂದ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅಪ್ಪ ಹಗೇವಿನ ಬಾಯಿ ತೆರೆದು ಒಂದು ಹಗಲು, ಒಂದು ರಾತ್ರಿ ದಂಡೆಯಲ್ಲಿ ಕೂತಿರುತ್ತಿದ್ದ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. "ಮುಚ್ಚಿದ ಹಗೇವು ಉಸಿರು ಹಿಡಕೊಂಡಿರ್ತದ. ಅದು ಬಿಡೂತನಕ ನಾವು ಕಾಯಬೇಕು" ಎನ್ನುತ್ತಿದ್ದ. ಕಾಯದೆ ಇಳಿದವರ ಹೆಸರುಗಳನ್ನು ಊರೂರಿನ ಲೆಕ್ಕದಲ್ಲಿ ಹೇಳುತ್ತಿದ್ದ, ಪಾಠ ಒಪ್ಪಿಸಿದ ಹಾಗೆ.

ಬನ್ನಿಹಾಳದಲ್ಲಿ ಇಂಥ ಹಗೇವು ನಲವತ್ತೊಂದು. ಕಾಳು ಗೋದಾಮಿಗೆ ಹೋಗುವ ಕಾಲ ಬಂದಾಗ ಒಂದೊಂದೇ ಬರಿದಾದವು. ಅಷ್ಟರಲ್ಲಿ ಕಲಬುರಗಿಯೇ ಜೇವರ್ಗಿ ರಸ್ತೆ ಹಿಡಿದು ಊರ ಕಡೆ ನಡೆದು ಬಂತು. ರಿಂಗ್ ರೋಡಾಯಿತು, ತೊಗರಿ ಹೊಲಕ್ಕೆ ಬಣ್ಣದ ಕಲ್ಲು ನೆಟ್ಟು ಪ್ಲಾಟು ಮಾಡಿದರು, ದಾಲ್ ಮಿಲ್ಲಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರು ಸಿಟಿಯ ಬಾಡಿಗೆ ತಾಳದೆ ಇಲ್ಲಿ ಬಂದು ಇಳಿದರು. ಮನೆ ಕಟ್ಟುವವರು ಕೆಲವರು ಮಾಳಿಂಗನನ್ನು ಕರೆದು, ಹಗೇವಿನ ಬಾಯಿ ಎಲ್ಲಿದೆ ಎಂದು ಕೇಳಿ, ಹತ್ತು ಟ್ರ್ಯಾಕ್ಟರ್ ಮುರುಮು ಮಣ್ಣು ತುಂಬಿಸಿದರು. ಕೆಲವರು ಅದನ್ನೇ ಪಾಯಖಾನೆಯ ಕುಣಿ ಮಾಡಿಕೊಂಡರು. ಕೆಲವರು ಕೇಳಲೇ ಇಲ್ಲ. ಯಾವುದು ತುಂಬಿದೆ, ಯಾವುದು ಇಲ್ಲ ಎಂಬುದು ಯಾವ ನಕಾಶೆಯಲ್ಲೂ ಇರಲಿಲ್ಲ. ಅದು ಮಾಳಿಂಗನ ತಲೆಯಲ್ಲಿತ್ತು.

ಇನ್ನು ದೌಲತರಾಯ ಗೌಡರ ಅಂಗಳದ ಮಾತಿಗೆ ಬರೋಣ. ಊರಿನ ದೊಡ್ಡ ಹಗೇವು ಅಲ್ಲಿತ್ತು. ಎಪ್ಪತ್ತೆರಡರ ಬರದಲ್ಲಿ ದೌಲತರಾಯನ ತಂದೆ ಅದನ್ನು ತೆರೆಸಿ ಊರಿಗೆಲ್ಲ ಜೋಳ ಅಳೆದುಕೊಟ್ಟಿದ್ದರು. ಹದಿನೇಳು ವರ್ಷದ ಮಾಳಿಂಗ ಮೊದಲ ಸಲ ಇಳಿದದ್ದು ಅದರಲ್ಲೇ. ಆ ಜೋಳ ಅವನ ಮನೆಯವರೂ ಉಂಡಿದ್ದರು.

ಹನ್ನೆರಡು ವರ್ಷದ ಹಿಂದೆ ದೌಲತರಾಯ ಹಳೆಯ ವಾಡೆ ಕೆಡವಿ ಬಾಡಿಗೆ ಖೋಲಿ ಕಟ್ಟಲು ಹೊರಟ. ಕಟ್ಟಲು ಪರವಾನಗಿ ಕೊಡುವ ಆಫೀಸಿನವರು ಜಾಗ ನೋಡಲು ಬಂದರು. ಅವರಲ್ಲೊಬ್ಬ ಕೇಳಿದ, "ಇಲ್ಲಿ ಬಾವಿ, ಹಗೇವು ಏನಾರ ಅದಾವೇನ್ರಿ?"

"ಒಂದಿತ್ತು. ನಮ್ಮಪ್ಪಾರ ಕಾಲದಾಗೇ ತುಂಬಿಸ್ಯಾರ" ಎಂದ ದೌಲತರಾಯ. ಆಮೇಲೆ ತಿರುಗಿ, "ಹೌದಲ್ಲೋ, ಮಾಳಿಂಗ?"

ಊರವರೆಲ್ಲ ಮಾಳಿಂಗನ ಮುಖ ನೋಡಿದರು. ಆ ಹಗೇವಿಗೆ ಒಂದು ಬುಟ್ಟಿ ಮಣ್ಣೂ ಬಿದ್ದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಪರ ಊರಿನವರ ಮುಂದೆ, ಉಂಡ ಮನೆಯ ಗೌಡನ ಮಾತಿಗೆ ಅಲ್ಲ ಎನ್ನುವುದನ್ನು ಅವನ ನಾಲಿಗೆ ಕಲಿತೇ ಇರಲಿಲ್ಲ.

"ಹೌದ್ರಿ, ಗೌಡ್ರ" ಎಂದ.

ಹಗೇವು ತುಂಬಿದೆಯೆಂಬ ಪಂಚನಾಮೆಗೆ ಅವನ ಹೆಬ್ಬೆಟ್ಟು ಬಿತ್ತು. ಖೋಲಿಗಳು ಎದ್ದವು, ಸಾಲಾಗಿ ಮೂರು. ಅಂಗಳಕ್ಕೆ ಶಹಾಬಾದ ಪರಸಿ ಕಲ್ಲು ಹಾಸಿದರು. ಅವತ್ತಿನಿಂದ ಮಾಳಿಂಗ ಆ ಅಂಗಳಕ್ಕೆ ಕಾಲಿಡಲಿಲ್ಲ.

ಮೊದಲನೇ ಖೋಲಿಗೆ ಎರಡು ವರ್ಷದ ಹಿಂದೆ ಮೆಹನಾಜ ಬಂದಳು. ಆಳಂದದ ಹುಡುಗಿ. ಗಂಡ ಆಫ್ತಾಬ ದಾಲ್ ಮಿಲ್ಲಿನಲ್ಲಿ ಕೆಲಸಕ್ಕೆ. ಎರಡು ಹೆಣ್ಣುಮಕ್ಕಳು. ಮೆಹನಾಜ ಹೊಲಿಗೆ ಮಷಿನ್ನು ಬಾಗಿಲಲ್ಲಿಟ್ಟುಕೊಂಡು ದಿನವಿಡೀ ಅಂಗಳ ನೋಡುತ್ತ ಹೊಲಿಯುತ್ತಿದ್ದಳು. ಮಾಳಿಂಗ ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂಡುತ್ತಿದ್ದ. ಅವಳು ಚಹಾ ಕುದಿಸಿ ಗೇಟಿನ ತನಕ ತಂದು ಕೊಡುತ್ತಿದ್ದಳು. ಹೀಗೆ ಎರಡು ವರ್ಷ.

ಒಂದು ದಿನ ಅವಳು ಚಹಾದ ಬಸಿ ಕೈಗೆ ಕೊಡುತ್ತ ಕೇಳಿಯೇಬಿಟ್ಟಳು. "ಮುತ್ಯಾ, ಸಿಟ್ಟಾಗಬ್ಯಾಡ್ರಿ. ನಮ್ಮ ಮನಿ ಚಾ ನಿಮಗ ನಡೀತದ. ನಮ್ಮ ಅಂಗಳ ಯಾಕ ನಡ್ಯಂಗಿಲ್ರಿ?"

ಮಾಳಿಂಗನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತಲೆ ಅಡ್ಡಡ್ಡ ಆಡಿಸಿದ.

"ಅಂಥಾದ್ದೇನಿಲ್ಲವ್ವ."

"ಮತ್ತ ಬಾಜೂ ಖೋಲಿ ವಿದ್ಯಾವತಿ ಅಕ್ಕಾರ ಹಂಗ ಅಂತಾರ. ಮುದುಕಗ ಮಡಿ ಭಾಳ, ಅದಕ್ಕ ನಿಮ್ಮ ಕಡಿ ಬರಂಗಿಲ್ಲ ಅಂತ."

ಮಾಳಿಂಗ ಬಸಿ ಕೆಳಗಿಟ್ಟು ಎದ್ದುಹೋದ. ಅದು ಅವಳಿಗೆ ಉತ್ತರವೇ ಕೊಟ್ಟಂತಾಯಿತು. ಮರುದಿನ ಗೇಟಿಗೆ ಚಹಾ ಬರಲಿಲ್ಲ.

ಜೂನಿನ ಮಿರಗದ ಮಳೆ ಆ ವಾರ ಜೋರಾಗಿ ಹೊಡೆಯಿತು. ಎಲ್ಲರ ಅಂಗಳದಲ್ಲಿ ಮೊಳಕಾಲುದ್ದ ನೀರು. ಮಳೆ ಬಿಟ್ಟ ಮೇಲೆ ಮಾಳಿಂಗ ಗೇಟಿನ ಹತ್ತಿರ ನಿಂತು ಒಳಗೆ ನೋಡಿದ. ಹನಿ ನೀರಿಲ್ಲ. ಮೆಹನಾಜ ಅರಿವೆ ಒಣಹಾಕುತ್ತಿದ್ದಳು. ಸಿಟ್ಟು ಮರೆತು ಅಂದಳು, "ನೋಡ್ರಿ ಮುತ್ಯಾ, ಊರ ತುಂಬ ಕೆಸರು, ನಮ್ಮಲ್ಲಿ ಹೆಂಗ ಚೊಕ್ಕ ಅದ. ಎಷ್ಟ್ ನೀರ್ ಬಿದ್ರೂ ಗಟಗಟ ಕುಡದ್ ಬಿಡ್ತದ ಈ ಅಂಗಳ."

"ಯಾ ಕಡಿಂದ ಕುಡೀತದವ್ವ?"

ಅವಳು ಬಾಗಿಲ ಮುಂದಿನ ಮೂರನೇ ಪರಸಿಯನ್ನು ಕಾಲಿನಿಂದ ತೋರಿಸಿದಳು. ಅದು ಒಂದು ಮೂಲೆಯಲ್ಲಿ ಎರಡು ಬೆರಳು ತಗ್ಗಿತ್ತು. ಅದರ ಸಂದಿಯಿಂದ ಇರುವೆಗಳು ಮೊಟ್ಟೆ ಹೊತ್ತುಕೊಂಡು ಸಾಲಾಗಿ ಹೊರಗೆ ಬರುತ್ತಿದ್ದವು. ಮಾಳಿಂಗನ ಮೂಗಿಗೆ ಹುಳಿತ ಜೋಳದ ಹಳೆಯ ವಾಸನೆ ತಟ್ಟಿತು.

ಅಲ್ಲಿಂದ ಅವನು ನೆಟ್ಟಗೆ ದೌಲತರಾಯನ ಹೊಸ ಮನೆಗೆ ಹೋದ. ಗೌಡ ಖೋಲಿಗಳ ಮೇಲೆ ಇನ್ನೊಂದು ಅಂತಸ್ತು ಏರಿಸುವ ಹವಣಿಕೆಯಲ್ಲಿದ್ದ. ಕಬ್ಬಿಣದ ಸಳಿ, ಸಿಮೆಂಟು ಬಂದು ಬಿದ್ದಿದ್ದವು. ಸ್ಲ್ಯಾಬ್ ಹಾಕುವುದು ಸೋಮವಾರ.

"ಗೌಡ್ರ, ಆ ಹಗೇವು ತುಂಬಿಲ್ರಿ. ಮ್ಯಾಲ ವಜ್ಜಿ ಹಾಕಬ್ಯಾಡ್ರಿ. ಒಳಗ ನೀರ್ ಇಳಿದು ಹೊಟ್ಟಿ ಕೊರದದ. ಅದು ಮೊದಲನೇ ಖೋಲಿ ಕೆಳಗೇ ಹೋಗ್ಯದ."

ದೌಲತರಾಯ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹನ್ನೆರಡ್ ವರ್ಷ ಆಯ್ತು, ಮಾಳಿಂಗ. ಏನ್ ಆಗ್ಯದ?"

"ಆಗಿಲ್ರಿ. ಆಗ್ತದ್ರಿ."

"ನೀನೇ ಹೆಬ್ಬೆಟ್ಟು ಒತ್ತೀದಿ. ಕಾಗದ ನನ್ನ ಹಂತ್ಯಾಕ ಅದ. ಆವಾಗ ಖರೆ ಹೇಳೀದೋ, ಈಗ ಹೇಳಾಕತ್ತೀದೋ?"

ದೌಲತರಾಯ ಈಗ ಅವನನ್ನು ನೋಡಿದ, ಸ್ವಲ್ಪ ಕನಿಕರದಿಂದಲೇ. "ವಯಸ್ಸಾತೋ ನಿನಗ. ಇಡೀ ಊರಾಗ ಬರೇ ಕುಣೀನೇ ಕಾಣ್ತಾವ. ಮನಿಗಿ ಹೋಗಿ ಮಲ್ಕೋ."

ಪಂಚಾಯಿತಿಯಲ್ಲಿ ಅದೇ ಕಾಗದದ ನಕಲು ತೆಗೆದು ಅದೇ ಮಾತು ಹೇಳಿದರು. ಗುಡಿಯ ಕಟ್ಟೆಯಲ್ಲಿ ಹೇಳಿದರೆ, "ನಮ್ಮ ಮನಿ ಕೆಳಗೂ ಒಂದು ನೋಡೋ ಮಾರಾಯ, ಬಂಗಾರ ಸಿಕ್ಕೀತು" ಎಂದು ನಕ್ಕರು. ಮೆಹನಾಜಳಿಗೆ ಹೇಳಿದ. ಅವಳ ಮುಖ ಬಿಳುಪೇರಿತು. ಎರಡು ವರ್ಷ ಅವನು ಯಾಕೆ ಗೇಟು ದಾಟಲಿಲ್ಲವೆಂದು ಆ ಕ್ಷಣಕ್ಕೆ ತಿಳಿಯಿತು. ತಿಳಿದ ಕೂಡಲೇ ಸಿಟ್ಟು ಬಂತು.

"ಗೊತ್ತಿದ್ದೂ ಎರಡ್ ವರ್ಷ ನಮ್ಮ ಚಾ ಕುಡದ್ರಿ?"

ಆಫ್ತಾಬ ಒಳಗಿಂದ ಬಂದ. "ಮುತ್ಯಾ, ಬಿಟ್ಟು ಎಲ್ಲಿಗಿ ಹೋಗೂದ್ರಿ? ಈ ಬಾಡಿಗಿಗಿ ಸಿಟ್ಯಾಗ ಕೋಳಿ ಗೂಡೂ ಸಿಗಂಗಿಲ್ಲ. ಮಾಲಕ ಇಲ್ಲ ಅಂತಾನ, ನೀವು ಅದ ಅಂತೀರಿ. ಯಾರ ಮಾತ್ ಕೇಳೂದು?"

ಉಳಿದವನು ಗೌಂಡಿ ಅಬ್ದುಲ್ ಗನಿ. ಖೋಲಿ ಕಟ್ಟಿದವನೂ ಅವನೇ, ಈಗ ಸ್ಲ್ಯಾಬಿನ ಕೆಲಸವೂ ಅವನದೇ. ಭಾನುವಾರ ಸಂಜೆ ಮಾಳಿಂಗ ಅವನ ಮನೆಗೆ ಹೋದ. ಗನಿ ಕೇಳಿಸಿಕೊಂಡ, ನಗಲಿಲ್ಲ.

"ನಾ ಬರೇ ಗೋಡಿ ಕೆಳಗ ಪಾಯಾ ತಗದೇನಿ. ನಡುವ ಏನದ ನಂಗೊತ್ತಿಲ್ಲ. ಆದ್ರ ನಿಮ್ಮ ಬಾಯಿಮಾತಿನ ಮ್ಯಾಲ ಕೆಲಸ ನಿಂದ್ರಿಸಿದ್ರ ನಾಳಿಂದ ಗೌಡ ನಂಗ ಕೆಲಸ ಕೊಡಂಗಿಲ್ಲ. ತೆರದು ತೋರಸ್ರಿ. ಒಂದ್ ಸಲ ಬಾಯಿ ಕಣ್ಣೀಲೆ ನೋಡಿದೆ ಅಂದ್ರ, ಅಲ್ಲಾನ ಆಣಿ, ಒಂದು ಪುಟ್ಟಿ ಕಾಂಕ್ರೀಟ್ ಸುರಿಯಂಗಿಲ್ಲ."

"ಮಿಕ್ಸರ್ ಎಷ್ಟಕ್ಕ ಬರ್ತದ?"

"ನಾಳಿ ಮುಂಜಾನಿ ಹತ್ತಕ್ಕ."

ಸೋಮವಾರ ಏನಾಯಿತೆಂದು ಬನ್ನಿಹಾಳದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಏಳು ಗಂಟೆಗೆ ಮಾಳಿಂಗ ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಗೇಟು ದಾಟಿದ. ಮೂರು ಖೋಲಿಯ ಬಾಗಿಲು ಬಡಿದು ಎಲ್ಲರನ್ನೂ ಹೊರಗೆ ಹಾಕಿದ. ಮೆಹನಾಜ ಮಕ್ಕಳನ್ನು ಎತ್ತಿಕೊಂಡು ಓಣಿಗೆ ಬಂದಳು, ಹಿಂದೆ ವಿದ್ಯಾವತಿ ಗೊಣಗುತ್ತ ಬಂದಳು. ಅಬ್ದುಲ್ ಗನಿ ಬಂದು ಗೇಟಿನಲ್ಲಿ ನಿಂತ, ದೌಲತರಾಯ ಬಂದು ಅಲ್ಲಿಂದಲೇ ಕೂಗಾಡಿದ. ಮಾಳಿಂಗನ ಹಾರೆಗೆ ಮೂರನೇ ಪರಸಿ ಎದ್ದಿತು, ಕೆಳಗೆ ಒಂದು ಮೊಳ ಮಣ್ಣು. "ನೋಡ್ರಿ, ಮಣ್ಣೇ ಅದ" ಎಂದ ಗೌಡ. ಮಾಳಿಂಗ ಮಣ್ಣು ಬಗೆದ. ಬಾಯಿಗೆ ಮುಚ್ಚಿದ ಕಲ್ಲು ಕಂಡಿತು. ಅವನು ಅದನ್ನು ಮೀಟಿ ಒಂದು ಗೇಣು ಸರಿಸಿದ. ಕಪ್ಪು ಬಾಯಿಯನ್ನು ಅಬ್ದುಲ್ ಗನಿ ನೋಡಿದ, ದೌಲತರಾಯ ನೋಡಿದ, ಎಲ್ಲರೂ ನೋಡಿದರು. ಮಾಳಿಂಗ ದಂಡೆಯಿಂದ ಏಳಲು ನೆಲಕ್ಕೆ ಕೈ ಊರಿದ. ಆ ದಂಡೆಯೇ ಅವನೊಡನೆ ಕುಸಿಯಿತು. ಅವನ ಹಿಂದೆ ಅರ್ಧ ಅಂಗಳ ಹೋಯಿತು, ಅಂಗಳದ ಹಿಂದೆ ಮೊದಲನೇ ಖೋಲಿಯ ಮುಂಗೋಡೆ, ಹೊಲಿಗೆ ಮಷಿನ್ನಿನ ಸಮೇತ. ಮೂರು ಖೋಲಿಯ ಹನ್ನೊಂದು ಜನ ಓಣಿಯಲ್ಲಿ ನಿಂತಿದ್ದರು. ಒಬ್ಬರಿಗೂ ತರಚು ಗಾಯವಾಗಲಿಲ್ಲ. ಮಾಳಿಂಗನ ಹೆಣ ತೆಗೆದದ್ದು ಸಂಜೆಗೆ. ಒಳಗಿನ ಗಾಳಿಗೆ ಹೆದರಿ ಅಲ್ಲಿಯ ತನಕ ಯಾರೂ ಇಳಿಯಲಿಲ್ಲ. ಇಳಿಯಲು ಬರುತ್ತಿದ್ದವನು ಊರಲ್ಲಿ ಅವನೊಬ್ಬನೇ ಇದ್ದ.

ಅವನ ಹೆಂಡತಿ ಹಣಮವ್ವ ಇದನ್ನೆಲ್ಲ ಹೇಳುವುದಿಲ್ಲ. ಹೋಗಿ ಕೂತರೆ ಅವಳು ಹೇಳುವುದು ಮುಂಜಾನೆಯ ಮಾತನ್ನು ಮಾತ್ರ.

ಅವತ್ತು ಮುಂಜಾನೆ ಅವಳು ಒಲೆ ಹಚ್ಚಿ ರೊಟ್ಟಿಗೆ ಕೂತಿದ್ದಳು. ಮಾಳಿಂಗ ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ತೆಗೆದು, ತುಕ್ಕು ಹಿಡಿದ ತುದಿಯನ್ನು ಕಲ್ಲಿಗೆ ತಿಕ್ಕಿದ.

"ಒಂದ್ ದಿನ ಕಾಯಬೇಕು ಅಂತ ಮಾವಾರು ಹೇಳ್ತಿದ್ರಲ್ಲ" ಎಂದಳು ಹಣಮವ್ವ.

"ಅದು ಇಳಿಯಾವ್ರಿಗಿ. ನಾ ಇಳಿಯಂಗಿಲ್ಲ. ಬಾಯಿ ತೆರದು ತೋರ್ಸಿ ಬರ್ತೇನಿ."

"ಗೌಡ ಬಂದು ಹೌದಲ್ಲೋ ಮಾಳಿಂಗ ಅಂದ್ರ, ಮತ್ತ ಹೌದ್ರಿ ಅಂದು ಬರ್ತೀರಿ. ನಿಮ್ಮ ಬಾಯಿ ನನಗ ಗೊತ್ತಿಲ್ಲೇನು?"

"ಬಾಯಿ ಮ್ಯಾಲ ನಂಬಿಗಿ ಇಲ್ಲಂತನೇ ಹಾರಿ ಒಯ್ಯಾಕತ್ತೇನಿ ಬೇ."

ಅವಳಿಗೆ ನಗೆ ಬಂತು. ಹಂಚಿನಿಂದ ಮೊದಲನೇ ರೊಟ್ಟಿ ತೆಗೆದು ಅವನ ಕಡೆ ಚಾಚಿದಳು. "ತಗೋರಿ, ಬಿಸಿ ಅದ."

"ಉಂಡ್ರ ಬಗ್ಗಾಕ ಬರಂಗಿಲ್ಲ. ಮುಚ್ಚಿಡು. ಮಿಕ್ಸರ್ ಬರೂದ್ರೊಳಗ ಬರ್ತೇನಿ."

ರುಮಾಲು ಬಿಗಿದುಕೊಂಡು, ಹಾರೆ ಹೆಗಲಿಗೇರಿಸಿ, ತಲೆಬಾಗಿಲಿಗೆ ತಾಗದಂತೆ ಬಗ್ಗಿ ಅವನು ಹೊರಗೆ ಹೋದ. ಹಣಮವ್ವ ಎರಡನೆಯದಕ್ಕೆ ಹಿಟ್ಟು ತೆಗೆದುಕೊಂಡಳು.