ಲಿಲ್ಲಿ ಟೀಚರ್ ಕಿವಿಯ ವಿಷಯ

ಲಿಲ್ಲಿ ಟೀಚರಿಗೆ ಕಿವಿ ಕೇಳಿಸುವುದಿಲ್ಲವೆಂದು ಹೆಡ್ಮಾಸ್ಟರರಿಗೆ ಹೇಳಿದವಳು ನಾನು. ವಸಂತಿ ಟೀಚರ್ ಅಲ್ಲ—ನಾನು.

ಕಾಪುವಿನ ಹೈಸ್ಕೂಲಿನಲ್ಲಿ ನನಗೆ ಸಂಗೀತ ಕಲಿಸಿದವರು ಲಿಲ್ಲಿ ಟೀಚರ್. ಹಾರ್ಮೋನಿಯಂ ನುಡಿಸುತ್ತ ಇಡೀ ತರಗತಿಯನ್ನು ಹಾಡಿಸುತ್ತಿದ್ದರು. ಒಡಕು ದನಿಯವರನ್ನೂ ಬಿಡುತ್ತಿರಲಿಲ್ಲ. ಬೆಂಚುಗಳ ನಡುವೆ ಬಂದು, ಹಾಡುವವರ ಬಾಯಿಯ ಹತ್ತಿರ ಬಗ್ಗಿ, ತಪ್ಪಿದ ಸ್ವರವನ್ನು ಹಿಡಿದು ತಿದ್ದುವರು. ಮುಂದೆ ನಾನು ಅದೇ ಶಾಲೆಗೆ ಅವರ ಕೈಕೆಳಗೆ ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದ್ದೂ ಅವರ ಮಾತಿನಿಂದಲೇ. ಒಂದು ದಿನ ಮೆಲ್ಲಗೆ ಹೇಳಿದರು: "ನನಗೀಗ ಕಿವಿ ಸರಿ ಕೇಳುವುದಿಲ್ಲ ಮಾರಾಯ್ತಿ. ನಿನಗೆ, ವಸಂತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ." ಹಿಂದಿ ಕಲಿಸುತ್ತಿದ್ದ ವಸಂತಿ ಟೀಚರ್ ಅವರ ಜೀವದ ಗೆಳತಿ, ಮಣಿಪಾಲದ ಆಸ್ಪತ್ರೆಗೆ ಜೊತೆಯಲ್ಲಿ ಹೋದವರು.

ಆ ವರ್ಷ ಶಾಲೆಗೆ ಕೀಬೋರ್ಡು, ಸ್ಪೀಕರು ಬಂದವು. ಇನ್ನು ಸಂಗೀತಕ್ಕೆ ಒಬ್ಬರೇ ಸಾಕು ಎಂದಿತು ಆಡಳಿತ ಮಂಡಳಿ. ಹೆಡ್ಮಾಸ್ಟರರು ನನ್ನನ್ನು ಕರೆದು, ಮಕ್ಕಳು ಅಪಸ್ವರ ಹಾಡಿದರೂ ಟೀಚರ್ ಯಾಕೆ ತಿದ್ದುವುದಿಲ್ಲವೆಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು.

"ಅವರಿಗೆ ಕೇಳಿಸುವುದಿಲ್ಲ ಸರ್" ಎಂದೆ.

ಸುಳ್ಳಲ್ಲ. ಆದರೆ ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದ್ದೂ ಅಲ್ಲ—ಆ ಕೆಲಸ ನನಗೆ ಬೇಕಿತ್ತು.

ಲಿಲ್ಲಿ ಟೀಚರನ್ನು ಲೈಬ್ರರಿಗೆ ಹಾಕಿ, ಅವರ ಜಾಗವನ್ನು ನನಗೆ ಕೊಟ್ಟರು. ಲಿಲ್ಲಿ ಟೀಚರ್, ವಸಂತಿಯೇ ಹೇಳಿರಬೇಕೆಂದು ನಂಬಿ, ಅವರೊಡನೆ ಮಾತು ಬಿಟ್ಟರು. ವಸಂತಿ ಟೀಚರ್ ನಿವೃತ್ತರಾಗಿ ಕಾರ್ಕಳದ ಮಗಳ ಮನೆಗೆ ಹೊರಟ ದಿನವೂ ಲಿಲ್ಲಿ ಟೀಚರ್ ಮುಖ ತಿರುಗಿಸಿ ಕೂತಿದ್ದರು. ನಾನು ಅಲ್ಲೇ ಇದ್ದೆ. ಒಂದು ಮಾತು—ಒಂದೇ ಮಾತು ಸಾಕಿತ್ತು.

ಈಗ ನನ್ನ ಪಾಠವೆಂದರೆ ಸ್ಪೀಕರಿನಲ್ಲಿ ಹಾಡಿನ ಟ್ರ್ಯಾಕ್ ಹಾಕುವುದು. ವಾರ್ಷಿಕೋತ್ಸವಕ್ಕೆ ಚೆನ್ನಾಗಿ ಹಾಡುವ ಕೆಲವರು ಸಾಕು. ಉಳಿದವರು ಸ್ಪೀಕರಿನ ಅಬ್ಬರದಲ್ಲಿ ಬಾಯಿ ಆಡಿಸುತ್ತಾರೆ. ಯಾರ ಸ್ವರ ತಪ್ಪಿತೆಂದು ನನಗೂ ಕೇಳಿಸುವುದಿಲ್ಲ. ಅದಕ್ಕಾಗಿ ನನ್ನನ್ನು ಯಾರೂ ತೆಗೆಯುವುದಿಲ್ಲ. ಪಕ್ಕದ ಶಾಲೆಗೆ ಹೊಸದಾಗಿ ಬಂದ ಸಂಗೀತ ಟೀಚರಂತೂ ಮಕ್ಕಳ ಶ್ರುತಿ ನೋಡುವ ಕೆಲಸವನ್ನು ಮೊಬೈಲಿಗೇ ಬಿಟ್ಟುಬಿಟ್ಟಿದ್ದಾಳೆ.

ಪ್ರತಿ ಕ್ರಿಸ್‌ಮಸ್ಸಿಗೆ ಲಿಲ್ಲಿ ಟೀಚರ್ ಮನೆಗೆ ಹೋಗುತ್ತಿದ್ದೆ. ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳನ್ನು ಮುಂದಿಟ್ಟು, ನೀನೊಬ್ಬಳೇ ನನ್ನ ಕೈ ಬಿಡಲಿಲ್ಲ ಎನ್ನುವರು. ಹೋದರೆ ಆ ಮಾತು ಕೇಳಬೇಕು. ಹೋಗದಿದ್ದರೆ ಅವರಿಗೆ ಬೇರೆ ಯಾರೂ ಇಲ್ಲ.

ಕಳೆದ ತಿಂಗಳು ಕಾರ್ಕಳಕ್ಕೆ ಹೋಗಿ ವಸಂತಿ ಟೀಚರ್ ಮುಂದೆ ಎಲ್ಲ ಹೇಳಿಬಿಟ್ಟೆ. ಅವರಿಗೆ ಆಶ್ಚರ್ಯವಾಗಲಿಲ್ಲ.

"ನಾನಲ್ಲದಿದ್ದರೆ ನೀನೇ ಅಲ್ವಾ? ಆಗಲೇ ಗೊತ್ತಿತ್ತು" ಎಂದರು. "ಹೇಳಿದ್ದರೆ ಲಿಲ್ಲಿಗೆ ನೀನೂ ಇಲ್ಲದ ಹಾಗೆ ಆಗುತ್ತಿತ್ತು. ಅದಕ್ಕೆ ಸುಮ್ಮನಾದೆ."

ಮರುದಿನವೇ ಲಿಲ್ಲಿ ಟೀಚರ್ ಮನೆಗೆ ಹೋದೆ. ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸುವುದಿಲ್ಲವಲ್ಲ—ನನ್ನ ದ್ರೋಹವನ್ನು ಕೂಗಿ ಹೇಳಬೇಕಾಯಿತು. ಪಕ್ಕದ ಮನೆಯವರು ಕಿಟಕಿಗೆ ಬಂದರು. ವಸಂತಿ ಟೀಚರ್ ಹೇಳಿದ್ದನ್ನೂ ಕೂಗಿದೆ. ಲಿಲ್ಲಿ ಟೀಚರ್ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಬಳಿಕ ಒಳಗೆ ಹೋಗಿ, ಸೀರೆ ಬದಲಿಸಿ, ಕೈಚೀಲ ಹಿಡಿದು ಬಂದರು.

"ಕಾರ್ಕಳಕ್ಕೆ ಈಗ ಬಸ್ಸು ಉಂಟಾ?"

ಉಂಟೆಂದು ತಲೆಯಾಡಿಸಿ ನಾನೂ ಎದ್ದೆ.

"ನೀನು ಬರುವುದು ಬೇಡ" ಎಂದರು.

ಆಮೇಲೆ ಅವರು ನನ್ನನ್ನು ಮನೆಗೆ ಕರೆದಿಲ್ಲ. ಕರೆಯಿರಿ ಎನ್ನುವ ಬಾಯಿ ನನಗಿಲ್ಲ.